ಅತ್ತೆಯ ಮುರುಡೇಶ್ವರ ಹರಕೆ, ಮಗನ ನೇತ್ರಾಣಿ ಆಸೆ: ಎರಡೂ ಒಂದೇ ಸಲ ಆಗುತ್ತಾ?

ಗಿರಿನಗರದಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಗಿರಿನಗರದವರು. ಡಿಸೆಂಬರ್ ಕೊನೆ ವಾರ ಮಗನಿಗೆ ಶಾಲೆ ರಜೆ. ನಾನು, ಯಜಮಾನರು, ಅತ್ತೆ, ಮಗ, ನಾಲ್ಕು ಜನ ಮುರುಡೇಶ್ವರಕ್ಕೆ ಹೋಗಬೇಕು. ಹೋಗಲೇಬೇಕು. ಯಾಕೆ ಅಂತ ಸ್ವಲ್ಪ ಹೇಳುತ್ತೇನೆ.

ನನ್ನ ಮಗ ಏಳನೇ ತಿಂಗಳಿಗೇ ಹುಟ್ಟಿದವನು. ಒಂದೂಕಾಲು ಕೆಜಿ ಇದ್ದ. 38 ದಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಗ ಅತ್ತೆ ಹಳದಿ ಬಟ್ಟೆಯಲ್ಲಿ 101 ರೂಪಾಯಿ ಕಟ್ಟಿ ದೇವರ ಮನೆಯಲ್ಲಿ ಮುಡಿಪು ಇಟ್ಟರು. ಮಗು ಉಳಿದರೆ ಅವನ ಕೈಯಿಂದಲೇ ಮುರುಡೇಶ್ವರನಿಗೆ ಒಪ್ಪಿಸುತ್ತೇನೆ ಅಂತ ಹರಕೆ. ಆಮೇಲೆ ಒಂದಲ್ಲ ಒಂದು ಅಡ್ಡಿ. ಮನೆ ಕಟ್ಟಿದೆವು, ಕೊರೋನಾ ಬಂತು, ಅತ್ತೆಯ ಎರಡೂ ಮಂಡಿ ಆಪರೇಷನ್ ಆಯಿತು. ಹುಡುಗನಿಗೆ ಈಗ 11 ವರ್ಷ. ಮುಡಿಪು ಇನ್ನೂ ಅಲ್ಲೇ ಇದೆ. ಅತ್ತೆಗೆ 71. "ನಾನು ಇರುವಾಗಲೇ ಆಗಲಿ" ಅಂದುಬಿಟ್ಟರು.

ಇನ್ನು ಮಗನ ವಿಷಯ. ಮುರುಡೇಶ್ವರ ಅಂದ ಕೂಡಲೇ ಅವನು ನೇತ್ರಾಣಿ ಅಂದ, ಅಲ್ಲಿಂದ ಬೋಟಿನಲ್ಲಿ ಹೋಗುವ ದ್ವೀಪ. ಮೀನು ಅಂದರೆ ಅವನಿಗೆ ಪ್ರಾಣ. ಮನೆಯಲ್ಲಿ ಎರಡು ಗಾಜಿನ ತೊಟ್ಟಿ ಇವೆ, ನೀರು ಬದಲಿಸುವುದೆಲ್ಲ ಅವನೇ. ನೀರಿನ ಮೇಲೆ ತೇಲುತ್ತಾ ಕೊಳವೆಯಲ್ಲಿ ಉಸಿರಾಡಿ ಮೀನು ನೋಡುವ ಸ್ನಾರ್ಕೆಲಿಂಗ್ ಮಾಡಲೇಬೇಕಂತೆ, ಸಾಧ್ಯವಾದರೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವ ಸ್ಕೂಬಾನೂ ಮಾಡಬೇಕಂತೆ.

ನನಗಿರುವ ಅನುಮಾನಗಳು ಸುಮಾರಿವೆ. ಮೊದಲು ದೇವಸ್ಥಾನವೋ ಸಮುದ್ರವೋ? ಅತ್ತೆಯನ್ನು ಬೋಟಿನಲ್ಲಿ ಕರೆದುಕೊಂಡು ಹೋಗಬಹುದಾ, ಇಲ್ಲದಿದ್ದರೆ ಅವರು ಅಷ್ಟು ಹೊತ್ತು ಏನು ಮಾಡುತ್ತಾರೆ? ಅವರನ್ನು ರೂಮಿನಲ್ಲಿ ಕೂರಿಸಿ ನಾವು ಖುಷಿಪಡಲು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮಗನಿಗೆ ಈಜು ಬರುತ್ತದೆ, ನನಗೆ ಅರ್ಧಂಬರ್ಧ. ಅವನ ಜೊತೆ ನೀರಿಗೆ ಇಳಿಯುವವಳು ನಾನೇ, ಯಜಮಾನರಿಗೆ ಕಿವಿ ತೊಂದರೆ ಇದೆ. ನನ್ನ ಕನ್ನಡಕ ಮೈನಸ್ ಐದು. ಕನ್ನಡಕ ತೆಗೆದರೆ ಮೀನೂ ಕಾಣಲ್ಲ, ಮಗನೂ ಕಾಣಲ್ಲ. ದಯವಿಟ್ಟು ಹೋಗಿ ಬಂದವರು ಹೇಳಿ.

ಮಂಕಿ ಹುಡುಗಿ:

ಅಕ್ಕ, ನನ್ನ ತವರು ಹೊನ್ನಾವರ ತಾಲೂಕಿನ ಮಂಕಿ. ಮುರುಡೇಶ್ವರಕ್ಕೆ ಹತ್ತಿರ. ಮದುವೆಯಾಗಿ ವಿಜಯನಗರಕ್ಕೆ ಬಂದು 14 ವರ್ಷ ಆಯಿತು. ನಿಮ್ಮ ಮುಡಿಪಿನ ವಿಷಯ ಓದಿ ಕಣ್ಣು ತುಂಬಿತು.

ಮೊದಲು ದಾರಿ. ಅತ್ತೆಗೆ ಮಂಡಿ ಆಪರೇಷನ್ ಆಗಿದೆ ಅಂದಿರಿ, ಕಾರು ಬೇಡ. ಪಂಚಗಂಗಾ ರೈಲು ಹಿಡಿಯಿರಿ. ಸಂಜೆ ಬೆಂಗಳೂರು ಬಿಟ್ಟರೆ ಬೆಳಗಿನ ಜಾವ ಮುರುಡೇಶ್ವರದಲ್ಲಿ ಇಳಿಸುತ್ತದೆ. ಮೈಸೂರು ಸುತ್ತಿಕೊಂಡು ಬರುವ ಇನ್ನೊಂದು ರೈಲಿದೆ, ಅದು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಅತ್ತೆಗೆ ಕೆಳಗಿನ ಬರ್ತ್ ಸಿಗಬೇಕಾದರೆ ಬುಕಿಂಗ್ ತೆರೆದ ದಿನವೇ ಮಾಡಿ. ಡಿಸೆಂಬರ್ ಕೊನೆ ವಾರ ನಮ್ಮ ಕಡೆ ಕಾಲಿಡಲು ಜಾಗ ಇರುವುದಿಲ್ಲ.

ದೇವಸ್ಥಾನ ಇರುವುದು ಕಂದುಕ ಗಿರಿಯ ಮೇಲೆ. ಮೂರು ಕಡೆ ಸಮುದ್ರ. ಹೆಸರು ಗಿರಿ, ಆದರೆ ದೊಡ್ಡ ಬೆಟ್ಟವೇನಲ್ಲ. ಶಿವನ ಮೂರ್ತಿ 123 ಅಡಿ, ಅದು ಇನ್ನೂ ಸ್ವಲ್ಪ ಮೇಲಿದೆ, ಅಲ್ಲಿಗೆ ಅತ್ತೆ ನಿಧಾನಕ್ಕೆ ಹತ್ತಲಿ. ಆದರೆ ರಾಜಗೋಪುರಕ್ಕೆ ಮಾತ್ರ ತಪ್ಪದೆ ಕರೆದುಕೊಂಡು ಹೋಗಿ. 20 ಅಂತಸ್ತಿನ ಗೋಪುರ, ಒಳಗೆ ಲಿಫ್ಟ್ ಇದೆ, 18ನೇ ಅಂತಸ್ತಿನವರೆಗೂ ಹೋಗಬಹುದು. ಕಿಟಕಿಯಿಂದ ಇಡೀ ಕಡಲು ಕಾಣುತ್ತದೆ. ಸಾಲು ಉದ್ದ ಆಗುವ ಮೊದಲು, ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ಅದನ್ನೂ ಲೆಕ್ಕ ಇಟ್ಟುಕೊಳ್ಳಿ.

ನೇತ್ರಾಣಿಗೆ ಅತ್ತೆ ಬೇಡ. ನಾನು ಕಡಲ ದಂಡೆಯವಳು, ಆದರೂ ಹೇಳುತ್ತೇನೆ. ದಡದಿಂದ ಸುಮಾರು 19 ಕಿಲೋಮೀಟರ್. ಹೋಗಲು ಒಂದು ಒಂದೂವರೆ ಗಂಟೆ, ಬರಲು ಅಷ್ಟೇ. ನಡುವೆ ಬೋಟು ನಿಂತಲ್ಲೇ ತೂಗಾಡುತ್ತದೆ. ಓಡುವಾಗಿನ ಕುಲುಕಾಟಕ್ಕಿಂತ ಆ ನಿಂತ ತೂಗಾಟವೇ ಹೊಟ್ಟೆ ತೊಳಸುವುದು. ಹತ್ತುವಾಗ ಇಳಿಯುವಾಗ ಮಂಡಿಗೆ ಕಷ್ಟ. ಯಜಮಾನರು ಹೇಗೂ ನೀರಿಗಿಳಿಯಲ್ಲ ಅಂದಿರಲ್ವಾ, ಅವರೂ ಅತ್ತೆಯೂ ಅವತ್ತು ಗೋಪುರ ಹತ್ತಲಿ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ನೇತ್ರಾಣಿ ಮಸುಕಾಗಿ ಕಾಣುತ್ತದೆ. ನೀವು ಎಲ್ಲಿದ್ದೀರಿ ಅಂತ ಅವರಿಗೆ ನೋಡಲು ಸಿಗುತ್ತದೆ.

ಅತ್ತೆಗೆ ಭಟ್ಕಳ ಮಲ್ಲಿಗೆ ಕೊಡಿಸಿ. ಬೆಂಗಳೂರಿನ ಮಲ್ಲಿಗೆಯಲ್ಲ ಅದು.

ಉಸಿರು ನಿಧಾನ:

ನಾನು ಎಚ್‌ಎಸ್‌ಆರ್ ಬಡಾವಣೆಯಲ್ಲಿರುವವನು. ಏಳು ವರ್ಷದಿಂದ ಡೈವಿಂಗ್ ಮಾಡುತ್ತಿದ್ದೇನೆ, ಶುರು ಮಾಡಿದ್ದೇ ನೇತ್ರಾಣಿಯಲ್ಲಿ. ಮೇಡಂ, ನಿಮ್ಮ ಮಗನ ಸ್ಕೂಬಾ ಆಸೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ಮುಖ್ಯ.

ವಯಸ್ಸಿನ ಲೆಕ್ಕದಲ್ಲಿ 10 ತುಂಬಿದ ಮಕ್ಕಳು ಮಾಡಬಹುದು. ಆದರೆ ನಿಮ್ಮ ಹುಡುಗ ಏಳನೇ ತಿಂಗಳಿಗೆ ಹುಟ್ಟಿದವನು ಅಂದಿರಿ. ಅಂಥ ಮಕ್ಕಳ ಶ್ವಾಸಕೋಶ ಪೂರ್ತಿ ಬಲಿಯುವ ಮೊದಲೇ ಹೊರಗೆ ಬಂದಿರುತ್ತದೆ. ಮುಂದೆ ಕೆಲವರಲ್ಲಿ ಅದರ ಗುರುತು ಉಳಿದುಬಿಡುತ್ತದೆ, ಉಬ್ಬಸ ಬರಬಹುದು. ಸ್ಕೂಬಾದಲ್ಲಿ ಒತ್ತಡದ ಗಾಳಿ ಉಸಿರಾಡುತ್ತೀವಿ. ಮೇಲೆ ಬರುವಾಗ ಆ ಗಾಳಿ ಹಿಗ್ಗುತ್ತದೆ. ಶ್ವಾಸಕೋಶದ ಯಾವುದಾದರೂ ಮೂಲೆಯಿಂದ ಅದು ಸರಾಗವಾಗಿ ಹೊರಗೆ ಬರದಿದ್ದರೆ ಅಪಾಯ. ಆದ್ದರಿಂದ ಮಕ್ಕಳ ಡಾಕ್ಟರ ಹತ್ತಿರ ಎಲ್ಲ ಹೇಳಿ, ಅವರು ಬರೆದುಕೊಟ್ಟರೆ ಮಾತ್ರ ಸ್ಕೂಬಾ. ದಡದಲ್ಲಿ ಫಾರಂ ಕೊಟ್ಟು ಸಹಿ ಹಾಕಿ ಅನ್ನುತ್ತಾರೆ, ಸುಮ್ನೆ ಹಾಕಬೇಡಿ.

ಸ್ನಾರ್ಕೆಲಿಂಗ್‌ಗೆ ಈ ಭಯ ಇಲ್ಲ. ನೀರಿನ ಮೇಲೆ ಬೋರಲು ತೇಲುತ್ತಾ ಕೊಳವೆಯಲ್ಲಿ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತೀರಿ. ಆದರೂ ಉಬ್ಬಸ ಇದ್ದರೆ ಡಾಕ್ಟರಿಗೆ ಹೇಳಿ.

ಇನ್ನೊಂದು ಮಾತು ಬೆಂಗಳೂರಿನವರು ಮರೆಯುವಂಥದ್ದು. ಸ್ಕೂಬಾ ಮಾಡಿದ ದಿನವೇ ಘಟ್ಟ ಹತ್ತಬಾರದು. ನೀರಿನಡಿಯಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ಎತ್ತರಕ್ಕೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಆಗ ಅದು ಗುಳ್ಳೆಯಾಗಬಹುದು. ಒಂದು ಸಲ ಮುಳುಗಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. ಘಟ್ಟಕ್ಕೂ ಅದೇ ಎಚ್ಚರ. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ಊಟ ಮುಗಿಸಿ ಕಾರಿನಲ್ಲಿ ಹೊರಡುವವರನ್ನು ಪ್ರತಿ ಸಲ ನೋಡುತ್ತೇನೆ, ಪ್ರತಿ ಸಲ ಹೇಳುತ್ತೇನೆ. ಸ್ನಾರ್ಕೆಲಿಂಗ್ ಮಾತ್ರ ಮಾಡಿದರೆ ಇದ್ಯಾವುದೂ ಇಲ್ಲ.

ಕನ್ನಡಕದ ವಿಷಯ ಸುಲಭ. ಪವರ್ ಇರುವ ಮಾಸ್ಕು ಸಿಗುತ್ತದೆ. ಮೈನಸ್ ಐದಕ್ಕೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ಮಗ ಕಾಣುತ್ತಾನೆ. ಬೋಟಿನಲ್ಲಿ ಅದು ಇರುತ್ತದೆ ಅಂತ ನಂಬಬೇಡಿ, ಇಲ್ಲೇ ಕೊಂಡುಕೊಳ್ಳಿ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖದ ಮಾಸ್ಕು. ಕೂದಲು ಒಂದೆಳೆ ಒಳಗೆ ಸಿಕ್ಕಿದರೂ ನೀರು ಬರುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕು ಬೇಡ. ಅದರೊಳಗೆ ಬಿಟ್ಟ ಉಸಿರೇ ಮತ್ತೆ ಸುತ್ತಬಹುದು, ಗಾಬರಿಯಾದಾಗ ತಟ್ಟನೆ ತೆಗೆಯುವುದೂ ಕಷ್ಟ. ಗಾಜು ಮಂಜಾಗದಿರಲು ಒಂದು ಹನಿ ಬೇಬಿ ಶಾಂಪೂ ಉಜ್ಜಿ ತೊಳೆಯಿರಿ.

ಹೋಗುವ ಮೊದಲು ನಾಲ್ಕು ಭಾನುವಾರ ಈಜುಕೊಳದಲ್ಲಿ ಅಭ್ಯಾಸ ಮಾಡಿ. ಮುಖ ನೀರಲ್ಲಿಟ್ಟು ಬಾಯಿಂದ ಉಸಿರಾಡುವುದಕ್ಕೆ ಮೈ ಒಪ್ಪುವುದೇ ಇಲ್ಲ, ಐದು ನಿಮಿಷ ಬೇಕು. ಆ ಐದು ನಿಮಿಷ ಬೆಂಗಳೂರಿನಲ್ಲೇ ಕಳೆಯಲಿ, ಕಡಲಿನಲ್ಲಿ ಬೇಡ. ಕೊಳವೆಗೆ ನೀರು ಬಂದರೆ ಹೆದರಬೇಡಿ, ಜೋರಾಗಿ ಒಮ್ಮೆ ಊದಿದರೆ ಹೊರಗೆ ಹಾರುತ್ತದೆ.

ಹವಳದ ಮೇಲೆ ಕಾಲಿಡಬೇಡಿ. ಕಲ್ಲಿನ ಹಾಗೆ ಕಾಣುತ್ತದೆ, ಆದರೆ ಅದಕ್ಕೆ ಜೀವ ಇದೆ.

ಗವೀಪುರದ ಹಿರಿಯ:

ನೋಡಮ್ಮ, ಹರಕೆ ಮೊದಲು. ಇದರಲ್ಲಿ ಯೋಚನೆ ಮಾಡುವುದೇನೂ ಇಲ್ಲ. ರೈಲು ಇಳಿದು, ಸ್ನಾನ ಮಾಡಿ, ನೇರ ದರ್ಶನ. ಹುಡುಗನ ಕೈಯಿಂದ ಮುಡಿಪು ಒಪ್ಪಿಸಿ. ಮಾರನೇ ದಿನ ಸಮುದ್ರ.

ಸಮುದ್ರ ಅಂದರೆ ಬರೀ ಆಟ ಅಂತ ನಿಮ್ಮ ಅತ್ತೆ ಅಂದುಕೊಂಡಿದ್ದರೆ ಅವರಿಗೆ ಈ ಕಥೆ ನೆನಪಿಸಿ. ರಾವಣ ಆತ್ಮಲಿಂಗ ತಂದದ್ದು, ಸಂಧ್ಯಾವಂದನೆಗೆ ಅಂತ ಈ ಕಡಲ ತೀರದಲ್ಲೇ ನಿಂತದ್ದು. ವಟುವಾಗಿ ಬಂದ ಗಣಪತಿ ಮೂರು ಸಲ ಕರೆದು ಲಿಂಗವನ್ನು ನೆಲಕ್ಕಿಟ್ಟ. ರಾವಣ ಕೀಳಲು ಹೋದ, ಅದು ತಿರುಚಿಕೊಂಡು ಹಸುವಿನ ಕಿವಿಯ ಹಾಗೆ ಆಯಿತು, ಅದಕ್ಕೇ ಗೋಕರ್ಣ. ಸಿಟ್ಟಿನಲ್ಲಿ ಅವನು ಎಸೆದ ಪೆಟ್ಟಿಗೆ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ಸುತ್ತಿದ ದಾರ ಧಾರೇಶ್ವರದಲ್ಲಿ, ಹೊದಿಸಿದ ಬಟ್ಟೆ ಕಂದುಕ ಗಿರಿಯಲ್ಲಿ ಬಿತ್ತು. ಆ ಬಟ್ಟೆ ಬಿದ್ದ ಜಾಗವೇ ಮುರುಡೇಶ್ವರ. ನಿಮ್ಮ ಮನೆಯ ಮುಡಿಪೂ ಬಟ್ಟೆಯಲ್ಲೇ ಕಟ್ಟಿದೆ, ಅಲ್ವಾ? ಓದುವಾಗ ನನಗೆ ಅದೇ ಹೊಳೆಯಿತು.

ಅಷ್ಟು ದೂರ ಹೋದವರು ಗೋಕರ್ಣ ಬಿಡಬೇಡಿ. ಹೋಗುವಾಗ ಇಡಗುಂಜಿ ಗಣಪತಿ ನೋಡಿ. ನಿಂತ ಗಣಪತಿ, ಎರಡೇ ಕೈ. ಪಂಚಕಜ್ಜಾಯ ಪ್ರಸಾದ. ಗೋಕರ್ಣದಲ್ಲಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಂಡಸರು ಅಂಗಿ ಬನಿಯನ್ ತೆಗೆಯಬೇಕು, ಪಂಚೆ ಉಡಬೇಕು. ಹುಡುಗನಿಗೂ ಒಂದು ಸಣ್ಣ ಪಂಚೆ ಚಿಕ್ಕಪೇಟೆಯಲ್ಲೇ ತೆಗೆದುಕೊಳ್ಳಿ. ಅಲ್ಲಿ ಆತ್ಮಲಿಂಗವನ್ನು ಕೈಯಿಂದ ಮುಟ್ಟಬಹುದು. ಪೀಠದ ಕುಳಿಯೊಳಗೆ ಬೆರಳಿಟ್ಟಾಗ ತಣ್ಣಗೆ ತಗಲುತ್ತದೆ. ನಾನು 1978ರಲ್ಲಿ ಮುಟ್ಟಿದ್ದು ಇವತ್ತಿಗೂ ಬೆರಳಿನಲ್ಲಿದೆ.

ಮುಳಬಾಗಿಲು ಮೇಷ್ಟ್ರು:

ಒಂದೇ ಮಾತು ಹೇಳಿ ಹೋಗುತ್ತೇನೆ. 2024ರ ಡಿಸೆಂಬರ್‌ನಲ್ಲಿ ನಮ್ಮ ತಾಲೂಕಿನಿಂದ ಶಾಲಾ ಪ್ರವಾಸಕ್ಕೆ ಹೋದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದ ದಡದಲ್ಲೇ ನೀರುಪಾಲಾದರು. ಬೋಟಿನಲ್ಲಿ ಜಾಕೆಟ್ ಹಾಕುತ್ತೀರಿ, ಗೈಡ್ ಇರುತ್ತಾರೆ. ದಡದಲ್ಲಿ ಅದ್ಯಾವುದೂ ಇಲ್ಲದೆ ಮೊಣಕಾಲಿನವರೆಗೆ ಅಂತ ಇಳಿಯುತ್ತೇವೆ. ವಾಪಸು ಹೋಗುವ ತೆರೆ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಕಾವಲಿನವರು ಸೀಟಿ ಊದಿದರೆ ಆ ಕ್ಷಣವೇ ಹೊರಗೆ ಬನ್ನಿ. ಹುಡುಗನ ಕೈ ಬಿಡಬೇಡಿ ಅಮ್ಮ.

ಗಿರಿನಗರದಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಮಾತು ಯಜಮಾನರಿಗೂ ಓದಿ ಹೇಳಿದೆ. ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆವು. ಚಳಿಗಾಲದಲ್ಲಿ ಇವನಿಗೆ ಈಗಲೂ ಒಮ್ಮೊಮ್ಮೆ ಉಬ್ಬಸ ಬರುತ್ತದೆ. ಸ್ಕೂಬಾ ಸದ್ಯಕ್ಕೆ ಬೇಡವೇ ಬೇಡ, ಸ್ನಾರ್ಕೆಲಿಂಗ್ ಪರವಾಗಿಲ್ಲ ಅಂದರು. ಹುಡುಗ ಒಂದು ಸಂಜೆ ಊಟ ಬಿಟ್ಟು ಅತ್ತ. ಮಾರನೇ ದಿನ ಅವನೇ ಈಜುಕೊಳಕ್ಕೆ ಬ್ಯಾಗು ರೆಡಿ ಮಾಡಿದ. ಹೋಗಿ ಬಂದು ಬರೆಯುತ್ತೇನೆ.

ಗಿರಿನಗರದಮ್ಮ (ಹೋಗಿ ಬಂದ ಮೇಲೆ):

ಬಂದು ನಾಲ್ಕು ದಿನ ಆಯಿತು. ನಿಮಗೆಲ್ಲ ಹೇಳದೆ ಇದ್ದರೆ ತಪ್ಪಾಗುತ್ತದೆ.

ಬೆಳಗಿನ ಜಾವ ರೈಲು ಇಳಿದಾಗ ಇನ್ನೂ ಕತ್ತಲೆ. ರೂಮಿಗೆ ಹೋಗಿ ಸ್ನಾನ ಮಾಡಿ ಗುಡಿಗೆ ಹೊರಟೆವು. ಅತ್ತೆ ಮುಡಿಪನ್ನು ರೈಲಿನಲ್ಲಿ ಇಡೀ ರಾತ್ರಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದರು. ಹಳದಿ ಬಟ್ಟೆ ಬಣ್ಣ ಮಾಸಿ ಬೆಳ್ಳಗಾಗಿದೆ. ಗುಡಿಯಲ್ಲಿ ಮಗನ ಅಂಗೈ ಮೇಲೆ ಇಟ್ಟು, ಅವನ ಕೈ ಕೆಳಗೆ ತಮ್ಮ ಕೈ ಇಟ್ಟರು. ಹುಡುಗ ಹಾಕಿದ. ಅವನಿಗೆ ಅದೇನು ಅಂತ ಪೂರ್ತಿ ಗೊತ್ತಿಲ್ಲ. ನಾವು ಮೂವರೂ ಯಾರ ಮುಖವನ್ನೂ ಯಾರೂ ನೋಡಲಿಲ್ಲ. ಆ 38 ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದವರು ನಾವೇ ಮೂವರು.

ಮಾರನೇ ದಿನ ನೇತ್ರಾಣಿ. ಬೆಳಿಗ್ಗೆ ಎರಡೇ ಇಡ್ಲಿ ತಿಂದು, ಡಾಕ್ಟರು ಹೇಳಿದ್ದ ವಾಂತಿ ಮಾತ್ರೆ ಒಂದು ಗಂಟೆ ಮೊದಲೇ ನುಂಗಿ ಹೋದೆವು. ಒಂದು ತೊಂದರೆ ಆಯಿತು. ಮಗನಿಗೆ ಕೊಟ್ಟ ಲೈಫ್ ಜಾಕೆಟ್ ದೊಡ್ಡವರದ್ದು. ಭುಜ ಹಿಡಿದು ಮೇಲೆತ್ತಿದರೆ ಅವನ ಕಿವಿಯವರೆಗೆ ಬಂತು. "ಬಿಗಿಯಾಗಿ ಕಟ್ಟಿದರೆ ಸಾಕು, ಎಲ್ಲರೂ ಹೀಗೇ ಹೋಗುವುದು" ಅಂದರು. ನಾನು ಹತ್ತುವುದಿಲ್ಲ ಅಂದೆ. ಬೋಟಿನಲ್ಲಿದ್ದವರಿಗೆ ಬೇಜಾರಾಯಿತು, ಗೊತ್ತಿದೆ. ಮುಕ್ಕಾಲು ಗಂಟೆ ಕಾದ ಮೇಲೆ ಎಲ್ಲಿಂದಲೋ ಮಕ್ಕಳ ಜಾಕೆಟ್ ತಂದರು. ನನ್ನ ನಂತರ ಬೋಟಿನಲ್ಲಿದ್ದ ಇನ್ನೊಂದು ಮಗುವಿನ ತಾಯಿಯೂ ಬೇರೆ ಜಾಕೆಟ್ ಕೇಳಿದರು. ದಯವಿಟ್ಟು ಕೇಳಿ. ಅದು ನಿಮ್ಮ ಮಗು.

ಬೋಟು ನಿಂತ ಮೇಲೆ ಮಂಕಿ ಹುಡುಗಿ ಹೇಳಿದ್ದು ನೂರಕ್ಕೆ ನೂರು ನಿಜ. ಮಾತ್ರೆ ನುಂಗಿದ್ದರೂ ಹುಡುಗ ಒಂದು ಸಲ ವಾಂತಿ ಮಾಡಿಕೊಂಡ. ದೂರದ ಗೆರೆ ನೋಡುತ್ತಾ ಕೂರು ಅಂತ ಗೈಡ್ ಹೇಳಿದರು. ನೀರಿಗಿಳಿದ ಮೇಲೆ ಸರಿಹೋಯಿತು.

ನಾನು ಇಳಿದ ಮೊದಲ ಕ್ಷಣ ಎದೆ ಹಿಡಿದುಕೊಂಡಂತಾಯಿತು. ಈಜುಕೊಳದಲ್ಲಿ ನೆಲ ಕಾಣುತ್ತದೆ. ಇಲ್ಲಿ ಕೆಳಗೆ ನೀಲಿ, ಅದರ ಕೆಳಗೆ ಇನ್ನೂ ನೀಲಿ. ಗೈಡ್ ಹಿಡಿದಿದ್ದ ರಬ್ಬರ್ ಟ್ಯೂಬಿಗೆ ಕೈ ಕೊಟ್ಟು, "ಉಸಿರು ನಿಧಾನ" ಅವರ ಹೆಸರನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ. ಉಸಿರು ನಿಧಾನ, ಉಸಿರು ನಿಧಾನ. ಹತ್ತು ಸಲ ಹೇಳುವಷ್ಟರಲ್ಲಿ ಬಂಡೆ ಕಂಡಿತು. ಬಂಡೆಯ ತುಂಬ ಹವಳ. ಹಳದಿ ಮೈಗೆ ಕಪ್ಪು ಪಟ್ಟೆಯ ಬಟರ್‌ಫ್ಲೈ ಮೀನು ಎರಡೆರಡು ಜೊತೆಯಾಗಿ ಹೋದವು. ಪವರ್ ಮಾಸ್ಕಿನಲ್ಲಿ ಒಂದೊಂದು ಪಟ್ಟೆಯೂ ಕಂಡಿತು. ಮಗ ನನ್ನ ಕೈ ಎರಡು ಸಲ ಒತ್ತಿದ, ಏನಾದರೂ ಕಂಡರೆ ಹಾಗೆ ಒತ್ತಬೇಕು ಅಂತ ಮಾತಾಡಿಕೊಂಡಿದ್ದೆವು. ನೋಡಿದರೆ ಹಸಿರು ನೀಲಿ ಬಣ್ಣದ ದೊಡ್ಡ ಗಿಳಿಮೀನು ಬಂಡೆಯನ್ನು ಕಚ್ಚುತ್ತಿದೆ. ಅದರ ಸದ್ದು ಕೇಳುತ್ತದೆ! ಕರಕರ ಅಂತ, ಚಕ್ಕುಲಿ ಅಗಿದ ಹಾಗೆ. ನೀರೊಳಗೆ ಸದ್ದು ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಒಂದೂಕಾಲು ಕೆಜಿ ಇದ್ದ ಮಗು, ಉಸಿರಿಗೆ ಯಂತ್ರ ಹಾಕಿದ್ದ ಮಗು, ನನ್ನ ಪಕ್ಕದಲ್ಲಿ ಕಡಲಿನ ಮೇಲೆ ಮಲಗಿ ಸಣ್ಣ ಕೊಳವೆಯಲ್ಲಿ ಆರಾಮಾಗಿ ಉಸಿರಾಡುತ್ತಿದ್ದ. ಆ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ಮೀನಿಗಿಂತ ನಾನು ಅದನ್ನೇ ಜಾಸ್ತಿ ಕೇಳಿಸಿಕೊಂಡೆ.

ಅದೇ ಹೊತ್ತಿಗೆ ಅತ್ತೆ ಗೋಪುರದ ಮೇಲೆ. ತಲೆಯಲ್ಲಿ ಭಟ್ಕಳ ಮಲ್ಲಿಗೆ. ನೇತ್ರಾಣಿ ಯಾವುದು ಅಂತ ಅಲ್ಲಿದ್ದವರನ್ನು ಕೇಳಿದರಂತೆ. ಬೂದಿ ಬಣ್ಣದ ಚುಕ್ಕೆಯ ಹಾಗೆ ಕಂಡಿತಂತೆ. ಸಾಲಿನವರು ಸರಿಯಿರಿ ಅನ್ನುವವರೆಗೂ ಕಿಟಕಿ ಬಿಟ್ಟಿಲ್ಲ ಅಂತ ಯಜಮಾನರು ಹೇಳಿದರು. ನಾವು ದಡಕ್ಕೆ ಬಂದಾಗ ಟವೆಲ್ ಎಳನೀರು ಹಿಡಿದು ನಿಂತಿದ್ದರು. ಮಗ ಒಂದೇ ಉಸಿರಿಗೆ ಗಿಳಿಮೀನಿನ ಕಥೆ ಶುರು ಮಾಡಿದ. ಅತ್ತೆ ಅವನ ಒದ್ದೆ ತಲೆ ಒರೆಸುತ್ತಾ, "ಹಾಗಾದರೆ ಕೆಳಗೂ ಒಂದು ಊರಿದೆ ಅನ್ನು" ಅಂದರು.

ಮೂರನೇ ದಿನ ಟ್ಯಾಕ್ಸಿ ಮಾಡಿಕೊಂಡು ಇಡಗುಂಜಿ, ಗೋಕರ್ಣ. ಗವೀಪುರದ ಹಿರಿಯರೇ, ಹುಡುಗ ಪಂಚೆ ಉಟ್ಟು ಆತ್ಮಲಿಂಗ ಮುಟ್ಟಿದ. ತಣ್ಣಗಿದೆ ಅಂದ, ನೀವು ಹೇಳಿದ ಹಾಗೇ. ಸಂಜೆ ಗೋಕರ್ಣ ರೋಡ್ ಸ್ಟೇಷನ್ನಿನಿಂದ ಅದೇ ಪಂಚಗಂಗಾ.

ಧಾರೇಶ್ವರಕ್ಕೂ ಗುಣವಂತೆಗೂ ಹೊತ್ತಾಗಲಿಲ್ಲ, ಬಾಗಿಲು ಹಾಕುವ ಮೊದಲು ಗೋಕರ್ಣ ಮುಟ್ಟಬೇಕಿತ್ತು. ರೈಲಿನಲ್ಲಿ ಅತ್ತೆ ಬೆರಳು ಮಡಚಿ ಎಣಿಸಿದರು. ಆತ್ಮಲಿಂಗದ ಕಥೆಯ ಐದು ಜಾಗಗಳಲ್ಲಿ ಎರಡು ಆಯಿತು, ಮೂರು ಉಳಿದಿದೆ. ಬೇಸಿಗೆ ರಜೆಯಲ್ಲಿ, ಮಳೆ ಹಿಡಿಯುವ ಮೊದಲು ಹೋಗೋಣ ಅನ್ನುತ್ತಿದ್ದಾರೆ. ಕಾರವಾರ ಕಡೆಯವರು ಯಾರಾದರೂ ಇದ್ದರೆ ಹೇಳಿ: ಸಜ್ಜೇಶ್ವರಕ್ಕೆ ಮಂಡಿ ಆಪರೇಷನ್ ಆದವರು ಹೋಗಬಹುದಾ, ವಾಹನ ಎಲ್ಲಿಯವರೆಗೆ ಹೋಗುತ್ತದೆ?

ಮಂಕಿ ಹುಡುಗಿ:

ಅಕ್ಕ, ಗುಣವಂತೆ ಧಾರೇಶ್ವರ ನನಗೆ ಬಿಡಿ. ಎರಡೂ ಹೆದ್ದಾರಿಗೆ ಹತ್ತಿರ, ಅತ್ತೆಗೆ ಕಷ್ಟವಿಲ್ಲ. ಏಪ್ರಿಲ್‌ನಲ್ಲಿ ನಾನೂ ತವರಿಗೆ ಹೋಗುತ್ತೇನೆ, ಅಷ್ಟು ಹೊತ್ತಿಗೆ ಮುರುಗಲ ಹಣ್ಣು ಬಂದಿರುತ್ತದೆ. ಮನೆಗೆ ಬನ್ನಿ, ಪಾನಕ ಕುಡಿದು ಹೋಗಿ. ಸಜ್ಜೇಶ್ವರದ ದಾರಿ ನನ್ನ ದೊಡ್ಡಮ್ಮನ ಮನೆಯವರನ್ನು ಕೇಳಿ ಬರೆಯುತ್ತೇನೆ, ಅವರಿರುವುದು ಕಾರವಾರದಲ್ಲೇ.